ಯಾದಿಯೊಳಗ ಇಲ್ಲದ್ದು

ನಮ್ಮ ಮನ್ಯಾಗ ಒಂದು ಹಿತ್ತಾಳಿ ಬಿಲ್ಲೆ ಐತಿ.
ಅವ್ವ ಅದರಲೆ ಸುಣ್ಣದ ಡಬ್ಬಿ ಮುಚ್ಚತಾಳ.
ಇಂಗ್ಲಿಷ್ ಅಂಕಿ:
ಹಿಂಗ ಹಿಡಿದರ ಆರು, ಹಂಗ ಹಿಡಿದರ ಒಂಬತ್ತು.
ಸೋಮನಾಯ್ಕಂದು ಅದು. ಮುತ್ಯಾನ ಮುತ್ಯಾ.

ಮೊದಲು ಪಲ್ಟಣದಾಗಿದ್ದ.
ಹಡಗಿನ್ಯಾಗ ವಾಂತಿ ಮಾಡಿಕೋತ ಇರಾಣಕ್ಕ ಹೋಗಿ
ಎಡಗೈ ಕಿರುಬೆರಳು ಅಲ್ಲೇ ಬಿಟ್ಟು ಬಂದ.
ಬಂದಾಂವಗ ಕಲಾದಗಿ ಸಾಹೇಬ ಕುದರಿ ಕೊಟ್ಟ, ಬಿಲ್ಲೆ ಕೊಟ್ಟ,
ಒಂದು ಹುಕುಮೂ ಕೊಟ್ಟ:
ನಿನ್ನ ಊರಿನ ಹತ್ಯಾರ ನೀನ ತಗೊಂಡು ಬಾ.

ಮೂರು ಚಕ್ಕಡಿ ತುಂಬಿದುವಂತ.
ಅಂವ ಹೇಳಿದ, ಕುಲಕರ್ಣಿ ಬರದ:
ತಲವಾರ ನಲವತ್ತೊಂದು. ಬರ್ಚಿ ಹದಿನೆಂಟು.
ತೋಡೇದಾರ ಬಂದೂಕು ಏಳು, ಒಂದಕ್ಕ ಹಿಡಿ ಇಲ್ಲ.
ಬಾಣಂತಿ ದಿಂಬಿನ ಬುಡಕ ಇದ್ದ ಕುಡಗೋಲು
ಬರೀಬ್ಯಾಡ ಅಂದ.
ತಮ್ಮಪ್ಪನ ಕತ್ತಿ ಯಾವ ಬಾವ್ಯಾಗ ಮುಳಗೈತಿ
ಕುಲಕರ್ಣಿ ಕೇಳಲಿಲ್ಲ, ಅಂವ ಹೇಳಲಿಲ್ಲ.
ಆವತ್ತಿನಿಂದ ಅಪ್ಪ ಮಗನ ಕೂಡ ಮಾತು ಬಿಟ್ಟ.
ಊಟಕ್ಕ ಕುಂತಾಗ ರೊಟ್ಟಿ ಮುರಿಯೋ ಸಪ್ಪಳ, ಅಷ್ಟ.

ಆಮ್ಯಾಲ ಇಪ್ಪತ್ತಾರು ವರ್ಸ ಘಟಪ್ರಭಾ ದಂಡಿ.
ಈ ದಂಡಿ ರಾಣಿ ಸರಕಾರದ್ದು, ಆ ದಂಡಿ ಸಂಸ್ಥಾನದ್ದು.
ಹೊಳಿಗೆ ಯಾರೂ ಪಗಾರ ಕೊಟ್ಟಿರಲಿಲ್ಲ.

ದುರಗ್ಯಾ ಎತ್ತು ಕದ್ದು, ಅದರ ಬಾಲ ಹಿಡದು ಈಸಿ,
ಆಚಿ ದಂಡಿ ಮ್ಯಾಲ ಧೋತರ ಹಿಂಡಿಕೋತ ಕೇಳತಿದ್ದ:
"ನಾಯ್ಕರ, ಊಟ ಆತೇನ್ರಿ?"
"ಆತೋ. ನಿಂದು?"
ಕಾಯ್ದೆ ಅಲ್ಲಿಗೆ ಮುಗೀತಿತ್ತು.
ಕುದರಿ ನೀರು ಕುಡದು ತಿರಗತಿತ್ತು.
ಬ್ಯಾಸಗ್ಯಾಗ ಹೊಳಿ ಬತ್ತಿ, ಗಡಿ ಎಲ್ಲೈತಿ ತಿಳೀಲಾರದ
ಇಬ್ಬರೂ ಉಸುಕಿನ್ಯಾಗ ಕುಂತು
ಒಂದ ಒರತಿ ನೀರು ಕುಡದಿದ್ದರಂತ.
ಇದು ಅವ್ವ ಹೇಳೂದು. ಅಪ್ಪ ಸುಳ್ಳ ಅಂತಾನ.

ಹಾವು ಕಡಿದು ದುರಗ್ಯಾ ಸತ್ತ ರಾತ್ರಿ
ಅವನ ಹೇಣ್ತಿ ಆಚಿ ದಂಡಿ ಮ್ಯಾಲ ಕಂದೀಲ ಹಿಡದು ನಿಂತು
"ಒಂದು ಹೆಗಲು ಕಡಿಮಿ ಬಿದ್ದೈತ್ರಿ" ಅಂದ್ಲು.
ಮೂರು ಮಂದಿ ಸಿಕ್ಕಿದ್ದರು.
ಕಳ್ಳನ ಹೆಣಕ್ಕ ನಾಕನೇದಾಂವ ಸಿಕ್ಕಿರಲಿಲ್ಲ.
ಸೋಮನಾಯ್ಕ ರುಮಾಲ ಬಿಚ್ಚಿದ. ಪಟ್ಟಾ ಬಿಚ್ಚಿದ.
ಬಿಲ್ಲೆ ಕಳಚಿ ಕಲ್ಲಿನ ಮ್ಯಾಲ ಇಟ್ಟ.
ಕುದರಿ ಕಿವ್ಯಾಗ ಏನೋ ಹೇಳಿದ.
ಎದಿಮಟ ನೀರು.

ಆವತ್ತಿನ ರಪೋಟು: ರಾತ್ರಿ ಗಸ್ತಿ. ವಿಶೇಷ ಏನೂ ಇಲ್ಲ.

ಕಚೇರಿ ಕಲಾದಗಿಯಿಂದ ವಿಜಾಪುರಕ್ಕ ಎದ್ದು ಹೋದ ಮ್ಯಾಲ
ನಾಕು ರೂಪಾಯಿ ಪಿಂಚಣಿಗೆ ಎರಡು ಹೊಳಿ ದಾಟಬೇಕಾತು.
ಬಾದಶಹರ ಮಹಲಿನ್ಯಾಗ ಕುಂತ ಗುಮಾಸ್ತ
"ಸೋಮನಾಯ್ಕ ನೀನ ಅನ್ನಾಕ ಗುರುತೇನು?" ಅಂದ.
ಎಡಗೈ ತೋರಿಸಿದ.
ಇಲ್ಲದ ಬೆರಳು ನೋಡಿ ರೊಕ್ಕ ಎಣಿಸಿದರು.

ಹ್ವಾದ ವರ್ಸ ಬಾವಿ ಹೂಳು ತಗಸಿದಿವಿ.
ತಾಮ್ರದ ಕೊಡ ಬಂತು, ಸೈಕಲ್ ಚೈನು ಬಂತು,
ಯಾರದೋ ಒಂದು ಬೆಳ್ಳಿ ಪಿಲ್ಲಿ ಬಂತು, ಕುದರಿ ಲಾಳ ಒಂದು.
ಕತ್ತಿ ಬರಲಿಲ್ಲ.
ಊರಾಗ ಇನ್ನೂ ಹನ್ನೊಂದು ಬಾವಿ ಅದಾವ.
ಅವ್ವ ಲಾಳ ತೊಳದು ತಲಬಾಗಲಕ್ಕ ಬಡದ್ಲು.