ಮಂಗಳವಾರದ ದೋಣಿ

ಮೂವರಿಗೂ ಒಂದೇ ದಿನ ರಜೆ ಬಿದ್ದದ್ದು
ಆರು ವರ್ಷದಲ್ಲಿ ಇದೇ ಮೊದಲು.
ಪಾಳಿಪಟ್ಟಿ ಬರೆಯುವ ಹೊತ್ತಿಗೆ ನೊಯೆಲೀನ್
ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದಳೇನೋ.
ತಿದ್ದುವ ಮೊದಲು ಟಿಕೆಟ್ ತೆಗೆದುಬಿಡೋಣ ಎಂದಳು ಲೊಸಾ,
ಇಸ್ತ್ರಿಯ ಹಬೆಯಿಂದ ಮುಖವಷ್ಟೇ ಹೊರಗೆ ಚಾಚಿ.

ಕೇರ್ನ್ಸಿನ ಹೋಟೆಲೊಂದರ ಹಿತ್ತಿಲ ಶೆಡ್ಡು ನಮ್ಮದು,
ದಿನಕ್ಕೆ ಸಾವಿರದಿನ್ನೂರು ಟವೆಲ್ಲು.
ಗ್ರೀನ್ ಐಲೆಂಡಿಗೆ ಹೋಗಿ ಬಂದದ್ದು ಕೈಗೇ ಗೊತ್ತಾಗುತ್ತದೆ:
ಅಂಚಿನ ಹೊಲಿಗೆಯಲ್ಲಿ ಬಿಳಿಯ ಮರಳು,
ಚಿರೋಟಿ ರವೆಯ ಹಾಗೆ;
ಎಷ್ಟು ಕೊಡವಿದರೂ ಇನ್ನೊಂದು ಚಿಟಿಕೆ ಉಳಿದೇ ಇರುತ್ತದೆ.
ನಾನು ಕಂಡ ದ್ವೀಪ ಅಷ್ಟೇ.
ಊರ ಮುಂದಿನ ಕಡಲು ಬರೀ ಕೆಸರು,
ಇಳಿತದಲ್ಲಿ ರಾಡಿಗೆ ಕೊಕ್ಕು ಅದ್ದಿ ನಿಂತ ಪೆಲಿಕನ್ನು,
ಮೊಸಳೆ ಇದೆ, ಜೋಕೆ ಎಂಬ ಹಳದಿ ಹಲಗೆ.

ಲಾಂಡ್ರಿ ಚೀಟಿಯ ಬೆನ್ನಿಗೆ ಮರಿವಿಕ್ ಬರೆಯುತ್ತಾಳೆ.
ಎಂಟೂವರೆಯ ದೋಣಿಯೋ, ಹತ್ತೂವರೆಯದೋ?
ಹನ್ನೊಂದು ಮುಕ್ಕಾಲಿಗೆ ಪೂರ್ತಿ ಇಳಿತವಂತೆ,
ಆಮೇಲೆ ಹೋದರೆ ನೀರು ಮೊಣಕಾಲಿಗೆ,
ಈಜುವ ಬದಲು ಹವಳವನ್ನೇ ತುಳಿದೇವು.
ಎಂಟೂವರೆ.
ಮುಕ್ಕಾಲು ಗಂಟೆ ಅಲೆಯ ಮೇಲೆ; ಮರಿವಿಕ್‌ಗೆ ಬಸ್ಸಲ್ಲೇ ವಾಂತಿ,
ಶುಂಠಿ ಮಾತ್ರೆ ಎಂದು ಬರೆದುಕೊಂಡಳು.
ನಿಂಬೆಹಣ್ಣು ಸಾಕು, ಮೂಸುತ್ತ ಕೂತಿರು, ಎಂದೆ.
ಲೋಳೆಮೀನು ಕುಟುಕುವ ತಿಂಗಳು,
ಅಡಿಯಿಂದ ಮುಡಿವರೆಗೆ ಲೈಕ್ರಾ ಅಂಗಿ, ಬಾಡಿಗೆಗೆ.
ನನ್ನಳತೆಯದು ಹೊಲಿದಿದ್ದಾರಾ ಕೇಳು
ಎಂದು ಲೊಸಾ ನಕ್ಕ ಬಿರುಸಿಗೆ
ಮೇಜಿನ ಮೇಲಿನ ಗುಂಡಿಗಳ ಡಬ್ಬಿ ಸದ್ದು ಮಾಡಿತು.
ಬುತ್ತಿ ನನ್ನದು. ಪುಳಿಯೋಗರೆ, ಮುಚ್ಚಳ ಬಿಗಿ ಇರಬೇಕು,
ಪಟ್ಟೆಪಟ್ಟೆ ಹಕ್ಕಿಯೊಂದು ತಟ್ಟೆಯಿಂದಲೇ ಕಿತ್ತು ಓಡುತ್ತದಂತೆ.

ಮಂಗಳವಾರ ಹೊಸ ದಾರಿ ಹಿಡಿಯಬಾರದು ನಮ್ಮ ಕಡೆ, ಎಂದೆ.
ನಿಮ್ಮ ಕಡೆಯವರೆಲ್ಲ ಬುಧವಾರ ಬರಲಿ, ಎಂದಳು ಲೊಸಾ.

ಪಟ್ಟಿಗೆ ಸೇರಿಸದ್ದು ಒಂದಿದೆ.
ಮೂರು ಮಳೆಗಾಲದ ಹಿಂದೆ, ಯಾರದೋ ನಿಲುವಂಗಿಯ ಜೇಬಲ್ಲಿ
ಬೆರಳುದ್ದದ ಹವಳದ ಕಡ್ಡಿ.
ಹವಳವೆಂದರೆ ಕೆಂಪು ಎಂದೇ ತಿಳಿದವಳು ನಾನು.
ಕುಜದೋಷಕ್ಕೆಂದು ಹದಿನೇಳಕ್ಕೇ ಉಂಗುರ ತೊಡಿಸಿದ್ದರು,
ಸಾಸಿವೆಗಿಂತ ತುಸು ದಪ್ಪ, ಸಾಲ ಮಾಡಿ.
ಇದು ಸುಣ್ಣದ ಬಿಳುಪು, ಮೈತುಂಬ ತೂತು,
ಮೂಸಿದರೆ ಏನೂ ಇಲ್ಲ, ಸೋಪು.
ಅಲ್ಲಿಂದ ಏನನ್ನೂ ತರುವಂತಿಲ್ಲ ಎಂದು ಆಮೇಲೆ ತಿಳಿಯಿತು.
ಬಳೆಯ ಪೆಟ್ಟಿಗೆಯಲ್ಲಿ ಇದ್ದೀತು ಇಷ್ಟು ದಿನ
ಯಾರದೋ ತಪ್ಪು, ನನ್ನ ಪಾಲಿಗೆ.
ಮಂಗಳವಾರ ಪುಳಿಯೋಗರೆಯ ಚೀಲದಲ್ಲೇ ಕೂತು ಬರಲಿ.

ಕೊನೆಯ ಸಾಲಿಗೆ ಪೆನ್ಸಿಲ್ ನಿಂತಿತು.
ಪ್ಯಾಂ, ಈಜು ಬರುತ್ತಾ?
(ಪಂಕಜಾಕ್ಷಿ ಎನ್ನಲು ಇಬ್ಬರಿಗೂ ನಾಲಿಗೆ ಹೊರಳದು.)

ಬರುತ್ತದೆ. ಕಪಿಲೆ ಬಾವಿ, ಬೆನ್ನಿಗೆ ಒಣ ಸೋರೆಬುರುಡೆ,
ಸೋದರತ್ತೆ ಹಿಂದಿನಿಂದ ದಬ್ಬಿದ್ದಳು.
ಕಪ್ಪು ನೀರು, ಅದಕ್ಕೆ ತಳವೇ ಇಲ್ಲ ಅನ್ನುತ್ತಿದ್ದರು,
ಏಳು ಮಂಚದ ಹಗ್ಗ ಇಳಿಬಿಟ್ಟರೂ ಸಾಲದು.
ಕಾಣದ್ದರ ಮೇಲೆ ತೇಲಲು ಕಲಿತೆ, ಹೆದರಲಿಲ್ಲ.
ಈಗ ನೋಡಿ, ಫೋನಿನಲ್ಲಿ ಲೊಸಾ ತೋರಿಸುವ ಚಿತ್ರದಲ್ಲಿ
ನೀರೇ ಇಲ್ಲವೇನೋ ಎನ್ನುವಷ್ಟು ತಿಳಿ,
ನಾಲ್ಕಾಳು ಕೆಳಗೆ ಆಮೆಯ ನೆರಳು ಸಹ ಬೇರೆ ಕಾಣುತ್ತದೆ.
ಅಲ್ಲಿ ಕೈಕಾಲು ಆಡಿಸುವುದು ಹೇಗೆ?
ಬಿದ್ದರೆ ಎಲ್ಲಿಗೆ ಬೀಳುತ್ತೇನೆಂದು
ಮೊದಲೇ ಗೊತ್ತಿರುವ ಕಡೆ?

ಬರುತ್ತೆ ಅಂತ ಬರಿ, ಎಂದೆ.

ಅಂಗಳದಾಚೆ ನೊಯೆಲೀನ್,
ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಪಾಳಿಪಟ್ಟಿ,
ಇತ್ತಲೇ ಬರುತ್ತಿದ್ದಳು.
ಒತ್ತೇ, ಒತ್ತು, ಎಂದೆ ಕನ್ನಡದಲ್ಲೇ.
ಲೊಸಾಗೆ ಅದು ಹೇಗೆ ಅರ್ಥವಾಯಿತೋ,
ಒದ್ದೆ ಹೆಬ್ಬೆರಳನ್ನು ಲಂಗಕ್ಕೆ ಒರೆಸಿ
ಒತ್ತಿದಳು. ಮೂರು ಸೀಟು. ಎಂಟೂವರೆ.