ಭುಜದ ಪಿನ್ನು

ವಿರಾಜಪೇಟೆಯ ಆಸ್ಪತ್ರೆಯಲ್ಲಿ ಗುರುವಾರ ಈ ಕೋಣೆ ನನ್ನದು.
ಒಂದು ಮೇಜು, ಎರಡು ಕುರ್ಚಿ,
ಚಿಲಕವಿಲ್ಲದ ಬಾಗಿಲಿಗೆ ಕಟ್ಟಿದ ಹಸಿರು ಪರದೆ.
ನಮೂನೆಯಲ್ಲಿ ಇಪ್ಪತ್ತೆರಡು ಪ್ರಶ್ನೆ,
ಉತ್ತರಕ್ಕೆ ಬೆರಳಗಲದ ಜಾಗ.

ಲೀನಾ ಬೋಜಮ್ಮ, ಮೂವತ್ತನಾಲ್ಕು.
ಚಿಕ್ಕಮ್ಮನ ಮಗನ ಮದುವೆಯ ದಿನ
ನಿರಿಗೆಯನ್ನು ಬೆನ್ನಿಗೆ ಸಿಕ್ಕಿಸಿ,
ಸೆರಗನ್ನು ಎಡಕಂಕುಳ ಕೆಳಗಿಂದ ಎಳೆದು
ಬಲಭುಜಕ್ಕೆ ಪಿನ್ನು ಚುಚ್ಚುವಾಗ
ಕೈ ಒಂದು ಕಡೆ ತಡೆಯಿತಂತೆ.
'ಏಲಕ್ಕಿಯಷ್ಟಿತ್ತು ಸಿಸ್ಟರ್, ನೋವೂ ಇರಲಿಲ್ಲ.'
ಅಂದು ರಾತ್ರಿ ವಾಲಗಕ್ಕೆ ಕುಣಿದಳು.
ಆಮೇಲೆ ಕಾಫಿ ಕೊಯ್ಲು, ಆಮೇಲೆ ಪ್ರವಾಸಿಗರು,
ಆಮೇಲೆ ಏಳು ತಿಂಗಳು.

ಮೊದಲ ಮುಟ್ಟು?
ಹನ್ನೊಂದಕ್ಕೆ, ಸ್ಕೂಲ್ ಬಸ್ಸಿನಲ್ಲಿ.
ಮೊದಲ ಹೆರಿಗೆ?
ಮೂವತ್ತೆರಡು, ಎಂದಳು, ತಪ್ಪೊಪ್ಪಿಕೊಂಡಂತೆ.
ಮನೆಸಾಲ ತೀರಲಿ ಎಂದು ಕಾದವರು ಇಬ್ಬರು;
ನಮೂನೆಗೆ ಬೇಕಾದದ್ದು ಒಬ್ಬಳ ವಯಸ್ಸು.
ಎದೆಹಾಲು ಎಷ್ಟು ತಿಂಗಳು?
ರೆಸಾರ್ಟಿನ ರಿಸೆಪ್ಷನ್ನಿನಲ್ಲಿ ರಾತ್ರಿ ಹತ್ತರಿಂದ ಆರು.
ಕಲ್ಲಾದ ಎದೆಯನ್ನು ಹಿಂಡಿ ಚೆಲ್ಲಿದ್ದು
ಅತಿಥಿಗಳ ಬಾತ್‌ರೂಮಿನ ಬೇಸಿನ್ನಿಗೆ,
ವಾಸನೆ ಉಳಿಯದಿರಲೆಂದು ಮೇಲಿಷ್ಟು ಸೋಪು.
ನಾನು 'ಮೂರು' ಎಂದು ಬರೆದೆ.

ಮದ್ಯ?
ಮೊದಲ ಸಲ ನಕ್ಕಳು.
'ಬಾಣಂತಿಗೂ ಒಂದು ಮುಚ್ಚಳ ಬ್ರಾಂಡಿ ಕೊಟ್ಟ ಮನೆ ನಮ್ಮದು.'
ವಾರಕ್ಕೆ ಎಷ್ಟು, ಎಂದೆ.
ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.
'ಪಾಳಿ ಮುಗಿಸಿ ಬಂದರೆ ನಿದ್ದೆ ಹತ್ತಬೇಕಲ್ಲ.'

ಕುಟುಂಬದಲ್ಲಿ ಯಾರಿಗಾದರೂ?
ದೊಡ್ಡಮ್ಮ ಒಬ್ಬರು ಎದೆನೋವಿನಿಂದ ಹೋದರು.
ಎದೆನೋವು ಅಂದರೆ, ಹೃದಯವಾ?
ಅವಳು ಪರದೆ ನೋಡಿದಳು.
ಕೊನೆಯ ವರ್ಷವೆಲ್ಲ ದೊಡ್ಡಮ್ಮ
ಬಾಗಿಲು ಹಾಕಿಕೊಂಡೇ ಸೀರೆ ಉಡುತ್ತಿದ್ದರಂತೆ.

ಅವಳ ಹಿಂದೆ ಚೋಮಿ, ತಿತಿಮತಿ ಕಡೆಯ ಲೈನ್‌ಮನೆಯಿಂದ.
ವಯಸ್ಸು? 'ನೀವೇ ಏನಾದರೂ ಬರೀರಿ.'
ಮೂವತ್ತೊಂದು ಬರೆದೆ.
ಹದಿನೇಳಕ್ಕೆ ಮೊದಲ ಕೂಸು,
ಮೂರಕ್ಕೂ ಎರಡೆರಡು ವರ್ಷ ಹಾಲು.
ವ್ಯಾಯಾಮ ಮಾಡುತ್ತೀರಾ ಎಂದು ಓದಲು ನಾಚಿಕೆಯಾಯಿತು:
ಚೀಲ ಹೊತ್ತು ಹೊತ್ತು
ನೆತ್ತಿಯ ಕೂದಲು ಸವೆದಿದೆ.
ನಮೂನೆಯ ಪ್ರಕಾರ ಇವಳಿಗೆ ಬರಬಾರದು.
ಗಡ್ಡೆಗೆ ಓದು ಬರುವುದಿಲ್ಲ.
'ಮೊದಲೇ ಯಾಕೆ ಬರಲಿಲ್ಲ?'
'ಕೊಯ್ಲು ಮುಗೀಲಿ ಅಂದರು ರೈಟರು.'
ಇಬ್ಬರಿಗೂ ಅದೇ ಕೊಯ್ಲು:
ಒಬ್ಬಳದು ತೋಟ, ಒಬ್ಬಳದು ಕೂಲಿ.
ಅದಕ್ಕೊಂದು ಪ್ರಶ್ನೆ ಇಪ್ಪತ್ತೆರಡರಲ್ಲಿ ಇಲ್ಲ.
ಅಂಚಿನಲ್ಲಿ ಸಣ್ಣಗೆ ಬರೆದಿಟ್ಟೆ,
ಮೈಸೂರಿನಲ್ಲಿ ಯಾರಾದರೂ ಓದಿಯಾರು.

ಹೊರಡುವಾಗ ಲೀನಾ ಪರದೆ ಹಿಡಿದು ನಿಂತಳು.
'ನಾನೇ ತಂದುಕೊಂಡೆನಾ ಸಿಸ್ಟರ್?'
ಅಲ್ಲ, ಎಂದೆ.
ಅದನ್ನು ಇನ್ನೂ ನಿಧಾನವಾಗಿ ಹೇಳಬೇಕಿತ್ತು.
ಗ್ಲಾಸಿಗೆ, ನಿದ್ದೆಗೆ, ಬಿಟ್ಟುಹೋದ ಹಾಲಿಗೆ
ಒಂದೊಂದಕ್ಕೂ ಒಂದಿಷ್ಟು ಪಾಲಿರಬಹುದು;
ಆದರೆ ರಾತ್ರಿಯ ಪಾಳಿಯನ್ನು ಹಂಚಿದವಳು ನೀನಲ್ಲ.
ಅಷ್ಟರಲ್ಲಿ ಅವಳ ಬಸ್ಸು ಹಾರ್ನ್ ಹೊಡೆಯಿತು.

ರಾತ್ರಿ ಪಾಳಿ ಎಷ್ಟು ವರ್ಷ?
ಈ ಪ್ರಶ್ನೆಯ ಮುಂದೆ ಪ್ರತಿ ಗುರುವಾರ
ನನ್ನ ಪೆನ್ನು ತುಸು ನಿಲ್ಲುತ್ತದೆ.
ಹನ್ನೆರಡು. ಹೆರಿಗೆ ಇಲ್ಲ. ನಡಿಗೆ, ವಾರ್ಡಿನಿಂದ ವಾರ್ಡಿಗೆ.
ಅಮ್ಮನ ತಂಗಿಯದು ಏನೆಂದು
ನಾನೂ ಕೇಳಿಲ್ಲ.

ಐದಕ್ಕೆ ಕುರ್ಚಿ ಒತ್ತಿ ಬಾಗಿಲು ಮುಚ್ಚಿದೆ.
ಕೈ ತೊಳೆದೆ, ವಾಚು ಬಿಚ್ಚಿದೆ,
ಹೆಸರಿನ ಬಿಲ್ಲೆಯ ಪಿನ್ನು ತೆಗೆದು ಮೇಜಿನ ಮೇಲಿಟ್ಟೆ.
ಎಡಗೈ ತಲೆಯ ಹಿಂದೆ.
ಬಲಗೈಯ ಮೂರು ಬೆರಳು,
ಎಲ್ಲರಿಗೂ ತೋರಿಸಿಕೊಡುವ ಹಾಗೆಯೇ,
ಅಂಚಿನಿಂದ ಒಳಕ್ಕೆ.