ಎರಡು ಲೇಸು

ಕಡಾವು ದ್ವೀಪದ ನಮ್ಮ ಶಾಲೆಗೆ ಮುದುಕ ಜೊಸಾಟೆಕಿ ಬಂದ,
ಪದಕಗಳನ್ನು ಮನೆಯಲ್ಲೇ ಬಿಟ್ಟು
ಚೀಲದಲ್ಲಿ ಹಳೇ ಬೂಟು ತುರುಕಿಕೊಂಡು.

ಹಲಗೆಯ ಮೇಲೆ ನಾನಾಗಲೇ ಬರೆದಿದ್ದೆ: ತ್ಯಾಗ.
ಮಕ್ಕಳು ಐದು ಸಲ ನಕಲು ಮಾಡಿದ್ದರು.
ಅವರ ಬಾಯಲ್ಲದು
ಅರೆಬೆಂದ ಕೆಸುವಿನಂತೆ ತುರಿಸಿತ್ತೇ ಹೊರತು
ಒಳಗಿಳಿದಿರಲಿಲ್ಲ.

"ಎಷ್ಟು ಜನರನ್ನು ಕೊಂದೆ, ತಾತ?" ಪೆನಿಯಾಸಿ ಕೇಳಿದ.
ನಾನು ಕಣ್ಣು ಕೆಕ್ಕರಿಸಿದೆ. ಮುದುಕ ಮಾತ್ರ
ಬೂಟು ತೆಗೆದು ಮೇಜಿನ ಮೇಲಿಟ್ಟ.
ಹೊಲಿಗೆಯಲ್ಲಿ ಇನ್ನೂ ಲೆಬನಾನಿನ ಮಣ್ಣು, ಅಥವಾ
ನಮ್ಮದೇ ಮರಗೆಣಸಿನ ಪಾತಿಯದೋ, ಯಾರಿಗೆ ಗೊತ್ತು.

"ಒಂದು ಲೇಸು ಕಪ್ಪು, ಒಂದು ಕಂದು, ನೋಡಿ.
ಕಪ್ಪು ನನ್ನದು.
ಚೆಕ್‌ಪೋಸ್ಟಿನಲ್ಲಿ ಅವತ್ತು ನನ್ನ ತೊಡೆ ಸೀಳಿತ್ತು;
ಇಸಿಕೇಲಿ ತನ್ನ ಬೂಟಿನ ಲೇಸು ಎಳೆದು
ಬಿಗಿದ, ಗಂಟು ಹಾಕಿದ, ನನ್ನನ್ನು ಬೈದ,
ನೀರು ತರುತ್ತೇನೆಂದು ಎದ್ದ."

ಅಷ್ಟೇ ಹೇಳಿದ.
ಹೊರಗೆ ಯಾರೋ ತೆಂಗು ತುರಿಯುವ ಸದ್ದು.

ಹಿಂದಿನ ಚಾಪೆಯಿಂದ ಲಿತಿಯಾ,
ಇನ್ನೂ ಚಪ್ಪಲಿಯನ್ನೇ ಮೆಟ್ಟದವಳು, ಯೋಚಿಸಿ ಕೇಳಿದಳು:
"ಹಾಗಾದರೆ ಲೇಸಿಲ್ಲದ ಬೂಟಲ್ಲಿ
ಅವನು ಮನೆಗೆ ಹೇಗೆ ನಡೆದ?"

ಜೊಸಾಟೆಕಿ ಕಂದು ಗಂಟು ಬಿಚ್ಚಿದ,
ಮತ್ತೆ ಕಟ್ಟಿದ, ಬಿಚ್ಚಿದ.

ನಾನು ಹಲಗೆಯತ್ತ ತಿರುಗಿದೆ.
ನನ್ನ ಅಕ್ಷರ ವಿಪರೀತ ದುಂಡಗಿತ್ತು.